ಪರ್ಸಿ ಖಣಿಯಲ್ಲಿ ಗಂಡ ಹೆಂಡತಿ

ಸದ್ದು ಕೇಳಿಸ್ತಾ? ಸಬ್ಬಲ್, ಅಂದರೆ ಕಬ್ಬಿಣದ ಹಾರೆ, ಕಲ್ಲಿಗೆ ತಾಗೋ ಸದ್ದು ಅದು. ನಾವಿರೋದು ಕಲಬುರಗಿ ಜಿಲ್ಲೆಯ ಶಹಾಬಾದ್ ಹತ್ತಿರ, ಒಂದು ಕಲ್ಲಿನ ಖಣಿಯಲ್ಲಿ. ಯಾವುದೋ ರೈಲ್ವೆ ಪ್ಲಾಟ್‌ಫಾರ್ಮಿನಲ್ಲೋ ಅಜ್ಜಿ ಮನೆಯ ಪಡಸಾಲೆಯಲ್ಲೋ ಬೂದು ಬಣ್ಣದ ಚೌಕ ಪರ್ಸಿ ತುಳಿದಿರುತ್ತೀರಿ ಅಲ್ವಾ, ಇದೇ ಕಲ್ಲು. ಸುಣ್ಣದ ಕಲ್ಲು, ನೆಲದೊಳಗೇ ಪದರ ಪದರವಾಗಿ ಕೂತಿರುತ್ತದೆ. ಸಂದಿಗೆ ಉಳಿ ಇಟ್ಟು ಹೊಡೆದು, ಸಬ್ಬಲ್ ತೂರಿಸಿ ಮೀಟಿದರೆ ಇಡೀ ಹಾಸು ಎದ್ದು ಬರುತ್ತದೆ.

ಮೀಟುತ್ತಿರೋದು ಅಣ್ಣ. ಹೆಸರು ಹಾಕಬೇಡಿ ಅಂದಿದ್ದಾರೆ, ಹಾಕಿಲ್ಲ. ಇವರ ಫೋಟೋ ತೆಗೆಯೋದು ಸುಲಭ. ತೋಳಿನ ನರ ಉಬ್ಬುತ್ತದೆ, ಧೂಳು ಏಳುತ್ತದೆ, ಕಲ್ಲು ಕಳಚುತ್ತದೆ, ಕ್ಲಿಕ್. ಅವರ ಹೆಂಡತಿಯನ್ನ ನಾನು ವೈನಿ, ಅಂದರೆ ಅತ್ತಿಗೆ, ಅಂತೀನಿ. ವೈನಿ ಕೆಲಸ ಹಾಗಲ್ಲ. ಚೂರು ಕಲ್ಲು ಬುಟ್ಟಿಗೆ ತುಂಬೋದು, ತಲೆ ಮೇಲೆ ಹೊತ್ತು ಏರು ಹತ್ತಿ ಸುರಿಯೋದು, ಮತ್ತೆ ಕೆಳಗಿಳಿಯೋದು, ದಿನಪೂರ್ತಿ ಅಷ್ಟೇ. ಇದರಲ್ಲಿ ಯಾವ ಗಳಿಗೆ ಹಿಡೀತೀರಿ? ಒಂದೇ ಫೋಟೋ ತೆಗೆದರೆ ಬುಟ್ಟಿ ಹೊತ್ತ ಹೆಂಗಸು ಅಂತ ಕ್ಯಾಲೆಂಡರ್ ಚಿತ್ರ ಆಗಿಬಿಡುತ್ತದೆ. ಅದಕ್ಕೇ ಟ್ರೈಪಾಡ್ ಒಂದೇ ಕಡೆ ನಿಲ್ಲಿಸಿ, ವೈನಿ ಏರು ಹತ್ತಿದಾಗಲೆಲ್ಲ ಅದೇ ಫ್ರೇಮಲ್ಲಿ ತೆಗೆದೆ. ಸಾಲಾಗಿ ಓಡಿಸ್ತೀನಿ, ನೋಡಿ. ಬೆಳಿಗ್ಗೆ ಸೆರಗು ಸೊಂಟಕ್ಕೆ ಸಿಕ್ಕಿಸಿದೆ, ಆಮೇಲೆ ತಲೆ ಮೇಲೆ ಬಂತು, ಆಮೇಲೆ ಮೂಗು ಬಾಯಿಗೆ ಅಡ್ಡ. ಉದ್ದ ಇದ್ದ ನೆರಳು ಕಾಲಡಿಗೆ ಬಂದು ಸೇರಿತು. ಬುಟ್ಟಿ ಮಾತ್ರ ಅದೇ.

ನಡುಮಧ್ಯಾಹ್ನ ಫೋಟೋ ತೆಗೀಬೇಡಿ ಅಂತಾರೆ. ಇಲ್ಲಿ ಆ ಮಾತು ಅಷ್ಟು ನಿಜ ಅಲ್ಲ. ತಿಳಿ ಬಣ್ಣದ ಕಲ್ಲಿಗೆ ಬಿದ್ದ ಬಿಸಿಲು ಕೆಳಗಿಂದ ಮುಖಕ್ಕೆ ಹೊಡೆಯುತ್ತದೆ, ಕಣ್ಣ ಕೆಳಗಿನ ಕಪ್ಪು ತಾನೇ ತಿಳಿಯಾಗುತ್ತದೆ. ಆದರೆ ಅಷ್ಟು ಬೆಳಕಿಗೆ ಕ್ಯಾಮೆರಾ ಮೋಸ ಹೋಗಿ ಚಿತ್ರ ಮಂಕು ಮಾಡುತ್ತದೆ, ಎಕ್ಸ್‌ಪೋಷರ್ ಒಂದು ಸ್ಟಾಪ್, ಅಂದರೆ ಬೆಳಕು ಎರಡರಷ್ಟು, ಏರಿಸಿಕೊಳ್ಳಿ. ಖಣಿಯೊಳಗೆ ಲೆನ್ಸ್ ಬದಲಿಸೋಕೆ ಹೋಗಬೇಡಿ, ಸೆನ್ಸರ್ ಮೇಲೆ ಧೂಳು ಕೂರುತ್ತದೆ. ಸೆನ್ಸರ್ ಆದರೆ ದುಡ್ಡು ಕೊಟ್ಟು ಒರೆಸಿಸಬಹುದು. ಇವರ ಎದೆಗೂ ಇಳಿಯೋದು ಅದೇ ಧೂಳು.

ಊಟಕ್ಕೆ ಬಿಳಿ ಜೋಳದ ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿ. ಅರಿವೆ ಗಂಟು ಬಿಚ್ಚಿದ್ದು ವೈನಿ, ಉಳ್ಳಾಗಡ್ಡಿ ಮುಷ್ಟಿಯಲ್ಲಿ ಗುದ್ದಿ ಒಡೆದದ್ದು ಅಣ್ಣ. ನನ್ನ ಕೈಗೂ ಎರಡು ರೊಟ್ಟಿ ಬಂದವು, ಬೇಡ ಅಂದರೆ ಕೇಳೋರು ಯಾರು. ಕ್ಯಾಮೆರಾದಲ್ಲಿ ಬೆಳಗಿನಿಂದ ತೆಗೆದದ್ದನ್ನೆಲ್ಲ ತೋರಿಸಿದೆ. ವೈನಿ ಒಂದೊಂದೇ ನೋಡಿ, "ಬರೇ ಧೂಳಾಗಿಂದೇ ತಗದೀರಲ್ರೀ, ನಮ್ಮನ್ಯಾಗ ಚಲೋ ಸೀರಿ ಇಲ್ಲೇನು?" ಅಂದರು.

ಸರಿಯಾದ ಮಾತೇ. ಮೈತುಂಬ ಧೂಳಿರೋ ಫೋಟೋಗೆ 'ಶ್ರಮಜೀವಿಗಳು' ಅಂತ ಹೆಸರಿಟ್ಟು ಲೈಕ್ ಬಾಚಿಕೊಳ್ಳೋ ನಮಗೆ, ಇವರು ಖಣಿಯ ಹೊರಗೂ ಇರ್ತಾರೆ ಅನ್ನೋದು ಹೊಳೆಯೋದೇ ಕಮ್ಮಿ.

"ಎಳ್ಳಮಾಸಿಗೆ ಬರ್ರಿ, ನಮ್ಮ ತವರಮನಿ ಹೊಲಕ್ಕ" ಅಂದರು. ಎಳ್ಳು ಅಮಾವಾಸ್ಯೆ ಅಂದರೆ ಹೊಲದಲ್ಲಿ ಚರಗ, ಅಂದರೆ ನೈವೇದ್ಯದ ಅಡುಗೆ, ಚೆಲ್ಲೋ ದಿನ, ಬಜ್ಜಿಪಲ್ಯ, ಸಜ್ಜೆ ರೊಟ್ಟಿ ಇರುತ್ತದೆ, ಇಳಕಲ್ ಸೀರೆ ಉಡೋದಂತೆ. ಹೋಗ್ತೀನಿ ಖಂಡಿತ. ಅಷ್ಟರಲ್ಲಿ ಅಣ್ಣಂದು ಬೇರೆ ಬೇಡಿಕೆ: "ನಂದು ಗಾಡಿ ಜೋಡಿ ಒಂದು ತಗೀರಿ, ಕಂತು ಮುಗದದ."