ಎಲ್ಲರಿಗೂ ಗೊತ್ತಿದ್ದ ಉಪ್ಪು

(ದೃಶ್ಯ: ಸಿಂಧನೂರು ಸೀಮೆಯ ಒಂದು ಹೊಲ. ಒಣಗಿದ ಎರೆ ಮಣ್ಣಿನ ಮೇಲೆ ಬಿಳಿಯ ಪದರ.)

ನಮಸ್ಕಾರ. ಪರದೆಯ ಮೇಲೆ ಕಾಣುತ್ತಿರುವ ಈ ಬಿಳುಪು ಸುಣ್ಣವಲ್ಲ, ಉಪ್ಪು. ಇಂಥ ನೆಲವನ್ನು ನಮ್ಮಲ್ಲಿ ಸವಳು ಎನ್ನುತ್ತಾರೆ. ನೀರು ಬಸಿಯದೆ ಕೆಸರಾಗಿಯೇ ಉಳಿದರೆ ಅದು ಜವಳು. ಜ್ಞಾನಕ್ಕೂ ವಿವೇಕಕ್ಕೂ ಇರುವ ಅಂತರವನ್ನು ಅರಿಯಲು ರಾಯಚೂರು, ಕೊಪ್ಪಳ, ಬಳ್ಳಾರಿಯ ಜನರಾದ ನಾವು ಗ್ರಂಥಾಲಯಕ್ಕೆ ಹೋಗಬೇಕಾಗಿಲ್ಲ, ಈ ಹೊಲದ ಬದುವಿನ ಮೇಲೆ ನಿಂತರೆ ಸಾಕು.

ತುಂಗಭದ್ರಾ ಜಲಾಶಯದಿಂದ 1953ರಲ್ಲಿ ಕಾಲುವೆಗೆ ನೀರು ಹರಿದಾಗ, ಬರಗಾಲದ ನಾಡಿನ ಆದಷ್ಟು ಹೆಚ್ಚು ಹೊಲಗಳಿಗೆ ಸ್ವಲ್ಪ ಸ್ವಲ್ಪವಾದರೂ ನೀರು ಮುಟ್ಟಲಿ ಎಂಬ ಉದ್ದೇಶದಿಂದ ಎಡದಂಡೆಯ ಬಹುಪಾಲು ಭೂಮಿಯನ್ನು ಜೋಳ, ಹತ್ತಿ, ಶೇಂಗಾದಂಥ ಮಿತ ನೀರಾವರಿ ಬೆಳೆಗಳಿಗೆಂದು ಗುರುತಿಸಲಾಗಿತ್ತು. ಆದರೆ ಕಾಲುವೆಯ ಮೇಲ್ಭಾಗದಲ್ಲಿ ಭತ್ತ ಹಬ್ಬಿತು, ಗಂಗಾವತಿ ಭತ್ತದ ಕಣಜವೆನಿಸಿತು. ಜಿಗುಟಾದ ಎರೆ ಮಣ್ಣಿನ ಗದ್ದೆಯಲ್ಲಿ ತಿಂಗಳುಗಟ್ಟಲೆ ನೀರು ನಿಂತಾಗ ಅಂತರ್ಜಲ ಮೇಲೇರುತ್ತದೆ. ಆಳದಲ್ಲಿದ್ದ ಲವಣಗಳು ಅದರಲ್ಲಿ ಕರಗಿ ಮೇಲ್ಮಣ್ಣಿಗೆ ಬರುತ್ತವೆ. ನೀರನ್ನು ಬಿಸಿಲು ಹೀರಿಕೊಳ್ಳುತ್ತದೆ, ಉಪ್ಪು ಉಳಿಯುತ್ತದೆ. ರಾಯಚೂರಿನ ಬಿಸಿಲಿನ ಬಗ್ಗೆ ಇಲ್ಲಿಯವರಿಗೆ ಹೇಳುವುದೇನಿದೆ!

ಇದರಲ್ಲಿ ಯಾರ ಅಜ್ಞಾನವೂ ಇಲ್ಲವೆಂಬುದೇ ನನ್ನ ಮಾತು. ಎಂಜಿನಿಯರಿಗೆ ಕಾಲುವೆಯ ಲೆಕ್ಕ ಗೊತ್ತಿತ್ತು, ಕೃಷಿ ವಿಜ್ಞಾನಿಗೆ ಮಣ್ಣಿನ ಗುಣ ಗೊತ್ತಿತ್ತು, ಭತ್ತಕ್ಕೆ ಮಾರುಕಟ್ಟೆಯಿದೆ ಎಂದು ರೈತ ಹಾಕಿದ ಲೆಕ್ಕವೂ ತಪ್ಪಾಗಿರಲಿಲ್ಲ. ಒಬ್ಬೊಬ್ಬರ ತಿಳಿವಳಿಕೆಯೂ ಸರಿಯಾಗಿದ್ದು, ಎಲ್ಲವೂ ಸೇರಿದಾಗ ಮೇಲಿನವರ ಹೊಲ ಸವಳಾಗಿ, ಕೊನೆ ಭಾಗದವರ ಕಾಲುವೆ ಬರಿದಾಯಿತು. 2015ರಿಂದ ಮಣ್ಣು ಆರೋಗ್ಯ ಚೀಟಿಯೂ ಬಂದಿದೆ, ಹವಾಮಾನದ ವರದಿ ಮೊಬೈಲಿನಲ್ಲೇ ಸಿಗುತ್ತದೆ. ಆದರೂ ನಾಟಿಯ ಹೊತ್ತಿಗೆ ನಾವು ನೋಡುವುದು ಪಕ್ಕದವನು ಏನು ಹಾಕಿದ್ದಾನೆ ಎಂಬುದನ್ನೇ.

(ದೃಶ್ಯ: ಜಲಾಶಯದ ಕ್ರಸ್ಟ್ ಗೇಟುಗಳು.)

2024ರ ಆಗಸ್ಟ್ 10ರ ರಾತ್ರಿ 19ನೇ ಗೇಟು ಕೊಚ್ಚಿಹೋದಾಗ, ಹರಿಯುವ ನೀರಿನಲ್ಲೇ, ಗೇಟಿನ ಜಾಗವನ್ನು ತಾತ್ಕಾಲಿಕವಾಗಿ ಮುಚ್ಚುವ ಉಕ್ಕಿನ ಹಲಗೆ ಎನ್ನಬಹುದಾದ ಸ್ಟಾಪ್‌ಲಾಗ್ ಇಳಿಸುವ ಕೆಲಸಕ್ಕೆ ಹಿರಿಯ ತಜ್ಞ ಕನ್ನಯ್ಯ ನಾಯ್ಡು ಅವರು ಮಾರ್ಗದರ್ಶನ ನೀಡಿದರು, ಇಡೀ ನಾಡು ಅವರ ಅನುಭವಕ್ಕೆ ಕೈಮುಗಿಯಿತು. ಗೇಟು ಒಂದೇ ರಾತ್ರಿಯಲ್ಲಿ ಮುರಿದದ್ದರಿಂದ ಎಲ್ಲರ ಕಣ್ಣಿಗೆ ಬಿತ್ತು. ಸವಳು ಹಾಗಲ್ಲ, ಸದ್ದಿಲ್ಲದೆ ವರ್ಷಗಟ್ಟಲೆ ಏರುತ್ತದೆ. ಅದರ ಬಗ್ಗೆ ತಿಳಿದವರನ್ನು ಯಾರೂ ರಾತ್ರೋರಾತ್ರಿ ಕರೆಸುವುದಿಲ್ಲ.

ಪರಿಹಾರವೂ ತಿಳಿಯದ್ದಲ್ಲ. ನೆಲದೊಳಗೆ ರಂಧ್ರವಿರುವ ಪೈಪುಗಳನ್ನು ಹೂಳಿ ಉಪ್ಪುನೀರನ್ನು ಬಸಿದು ಹೊರಹಾಕಬಹುದು. ಆದರೆ ಹಾಗೆ ಬಸಿದ ನೀರು ಹಳ್ಳ ಸೇರಬೇಕಾದರೆ ಕೆಳಗಿನವರ ಹೊಲವನ್ನು ದಾಟಲೇಬೇಕು. ಆ ಪೈಪಿಗೆ ದಾರಿ ಬಿಡುತ್ತೀರಾ ಎಂದು ಕೇಳಲು, ಮೇಲಿನ ಹೊಲದವರು ಮೊದಲು ಅವರ ಮನೆಯ ಬಾಗಿಲಿಗೆ ಹೋಗಬೇಕು.