ಬೀಗದ ಕೈ ಕೊಡಲು ಅವಸರ ಬೇಡ

ಕೇಳುಗರಿಗೆ ನಮಸ್ಕಾರ. ಇಂಗ್ಲೆಂಡಿನಲ್ಲಿ ಕೌನ್ಸಿಲ್ ಮನೆಯಲ್ಲಿ, ಅಂದರೆ ಸ್ಥಳೀಯ ಆಡಳಿತ ಬಾಡಿಗೆಗೆ ಕೊಟ್ಟ ಮನೆಯಲ್ಲಿ, ಇರುವ ಕನ್ನಡದವರು ಅಡುಗೆ ಮಾಡುತ್ತಲೋ, ಕೆಲಸ ಮುಗಿಸಿ ಬಸ್ಸಿನಲ್ಲಿ ಬರುತ್ತಲೋ ಇದನ್ನು ಕೇಳುತ್ತಿರಬಹುದು. ಹತ್ತಿರದಲ್ಲಿ ಪೆನ್ನಿದ್ದರೆ ಒಂದು ಸಂಖ್ಯೆ ಬರೆದಿಟ್ಟುಕೊಳ್ಳಿ. 21. ಇಪ್ಪತ್ತೊಂದು ದಿನ. ಅವಧಿ ಕಟ್ಟಿ ಕೊಟ್ಟ ಮನೆಯ ಬಗ್ಗೆ ಕೌನ್ಸಿಲ್ ಮಾಡಿದ ನಿರ್ಧಾರವನ್ನು ಮತ್ತೆ ನೋಡಿ ಎಂದು ಬರೆದು ಕೇಳಲು ನಿಮಗಿರುವ ಗಡುವು ಅದು. ಬೇರೇನು ಮರೆತರೂ ಪರವಾಗಿಲ್ಲ, ಇದೊಂದು ನೆನಪಿರಲಿ.

ಮೊದಲು ಇದು ಯಾರ ವಿಷಯ ಎಂದು ಹೇಳಿಬಿಡುತ್ತೇನೆ. ಇಂಗ್ಲೆಂಡಿನ ಕೌನ್ಸಿಲ್ ಬಾಡಿಗೆದಾರರಿಗೆ 1980ರ ಹೌಸಿಂಗ್ ಆಕ್ಟ್‌ನಿಂದ ಸೆಕ್ಯೂರ್ ಟೆನೆನ್ಸಿ, ಅಂದರೆ ಭದ್ರವಾದ ಬಾಡಿಗೆ ಹಕ್ಕು, ಸಿಕ್ಕಿತು. ಬಾಡಿಗೆ ಕಟ್ಟಿಕೊಂಡು, ಕರಾರಿನಂತೆ ನಡೆದುಕೊಂಡರೆ ಬದುಕಿರುವವರೆಗೂ ಮನೆ ನಿಮ್ಮದೇ. ಆಮೇಲೆ 2011ರಲ್ಲಿ ಲೋಕಲಿಸಂ ಆಕ್ಟ್ ಬಂತು. 2012ರ ಏಪ್ರಿಲ್ 1ರಿಂದ ಹೊಸ ಬಾಡಿಗೆದಾರರಿಗೆ ಇಷ್ಟು ವರ್ಷ ಅಂತ ಅವಧಿ ಕಟ್ಟಿ ಮನೆ ಕೊಡುವ ಅಧಿಕಾರ ಕೌನ್ಸಿಲ್‌ಗಳಿಗೆ ಸಿಕ್ಕಿತು. ಇದೇ ಫ್ಲೆಕ್ಸಿಬಲ್ ಟೆನೆನ್ಸಿ. ಕೊಡಲೇಬೇಕು ಅಂತೇನಿಲ್ಲ, ಕೊಡಬಹುದು ಅಷ್ಟೇ. ಎಲ್ಲ ಕೌನ್ಸಿಲ್‌ಗಳೂ ಇದನ್ನೇ ಕೊಡಬೇಕು ಎಂದು 2016ರಲ್ಲಿ ಇನ್ನೊಂದು ಕಾನೂನು ಮಾಡಿದರು. ಆ ಭಾಗ ಜಾರಿಗೇ ಬರಲಿಲ್ಲ. 2018ರಲ್ಲಿ ಸರ್ಕಾರವೇ ಕೈಬಿಟ್ಟಿತು. ಹಾಗಾಗಿ ರಸ್ತೆಯ ಈ ಬದಿಯ ಕೌನ್ಸಿಲ್‌ನಲ್ಲಿ ಐದು ವರ್ಷದ ಕರಾರು, ಆ ಬದಿಯಲ್ಲಿ ಆಜೀವ ಕರಾರು ಇದ್ದರೂ ಇರಬಹುದು. ಸ್ಕಾಟ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಕಾನೂನೇ ಬೇರೆ. ಅಲ್ಲಿರುವವರು ನಾನು ಹೇಳುವ ತಾರೀಕುಗಳನ್ನು ತಮಗೆ ಅನ್ವಯಿಸಿಕೊಳ್ಳಬೇಡಿ. ಹೌಸಿಂಗ್ ಅಸೋಸಿಯೇಷನ್, ಅಂದರೆ ಕೌನ್ಸಿಲ್ ಅಲ್ಲದ ವಸತಿ ಸಂಸ್ಥೆ, ಕೊಟ್ಟ ಮನೆಯವರೂ ಅಷ್ಟೇ, ನಿಮ್ಮ ಕಾನೂನು ಬೇರೆ.

ಅವಧಿ ಎಷ್ಟಿರಬೇಕು? ಕಾನೂನಿನ ಪ್ರಕಾರ ಎರಡು ವರ್ಷಕ್ಕೆ ಕಡಿಮೆ ಇರುವ ಹಾಗಿಲ್ಲ. ಇಂಥ ಮನೆಗಳ ಮೇಲೆ ಕಣ್ಣಿಡುವ ಸರ್ಕಾರಿ ನಿಯಂತ್ರಕರ ಮಾನದಂಡದ ಪ್ರಕಾರ ಸಾಮಾನ್ಯವಾಗಿ ಐದು ವರ್ಷ ಕೊಡಬೇಕು, ಅದಕ್ಕಿಂತ ಕಡಿಮೆ ಕೊಡಲು ವಿಶೇಷ ಕಾರಣ ಬೇಕು. ಅನೇಕ ಕಡೆ ಮೊದಲು ಒಂದು ವರ್ಷ ಇಂಟ್ರೊಡಕ್ಟರಿ ಟೆನೆನ್ಸಿ, ಅಂದರೆ ಪರೀಕ್ಷೆಯ ಅವಧಿ. ಬೇಕೆನಿಸಿದರೆ ಅದನ್ನು ಇನ್ನೂ ಆರು ತಿಂಗಳು ಎಳೆಯಬಹುದು. ಐದು ವರ್ಷದ ಲೆಕ್ಕ ಅದು ಮುಗಿದ ಮೇಲೆ ಶುರು.

ಇಲ್ಲಿ ಒಂದು ಕಾಗದ ಬಹಳ ಮುಖ್ಯ. ನಿಮಗೆ ಕೊಡುತ್ತಿರುವುದು ಫ್ಲೆಕ್ಸಿಬಲ್ ಟೆನೆನ್ಸಿ ಎಂದು ಕೌನ್ಸಿಲ್ ಮೊದಲೇ ಬರೆದು ತಿಳಿಸಿರಬೇಕು. ಇಂಟ್ರೊಡಕ್ಟರಿ ವರ್ಷ ಇದ್ದರೆ, ಆ ವರ್ಷ ಶುರುವಾಗುವ ಮೊದಲೇ ಈ ನೋಟಿಸು ನಿಮ್ಮ ಕೈಗೆ ಬಂದಿರಬೇಕು. ಹಾಗೆ ತಿಳಿಸಿಲ್ಲದಿದ್ದರೆ ಅದು ಫ್ಲೆಕ್ಸಿಬಲ್ ಆಗುವುದೇ ಇಲ್ಲ. ಕರಾರಿನ ಜೊತೆ ಬಂದ ಕಾಗದಗಳನ್ನೆಲ್ಲ ಒಂದು ಫೈಲಿಗೆ ಹಾಕಿಡಿ. ಕೊಟ್ಟ ಅವಧಿ ಕೌನ್ಸಿಲ್‌ನ ಸ್ವಂತ ನೀತಿಗೆ ಹೊಂದುವುದಿಲ್ಲ ಅನಿಸಿದರೆ ಅದನ್ನೂ ಪ್ರಶ್ನಿಸಬಹುದು. ಅದಕ್ಕೂ ಗಡುವು 21 ದಿನವೇ.

ಈಗ ಅವಧಿ ಮುಗಿಯುವ ಹೊತ್ತಿಗೆ ಬರೋಣ. ಜನ ಎಡವುವುದೇ ಇಲ್ಲಿ. ಕರಾರಿನಲ್ಲಿ ಬರೆದ ಕೊನೆಯ ತಾರೀಕು ನೋಡಿ, "ಅವತ್ತು ಮನೆ ಖಾಲಿ ಮಾಡಬೇಕಲ್ಲ" ಎಂದು ಪೆಟ್ಟಿಗೆ ಕಟ್ಟಲು ಕೂರುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಕೌನ್ಸಿಲ್‌ಗೆ ಮನೆ ವಾಪಸು ಬೇಕಾದರೆ ಅದು ಎರಡು ಬೇರೆ ಬೇರೆ ನೋಟಿಸು ಕೊಡಬೇಕು, ನೀವು ಕೇಳಿದರೆ ಮರುಪರಿಶೀಲನೆ ಮಾಡಬೇಕು, ಕೋರ್ಟಿಗೂ ಹೋಗಬೇಕು. ಇಷ್ಟೂ ಆಗದೆ ಯಾರೂ ನಿಮ್ಮನ್ನು ಹೊರಗೆ ಕಳಿಸುವ ಹಾಗಿಲ್ಲ.

ತಾರೀಕು ಹಾಕಿಯೇ ನೋಡೋಣ. ನಿಮ್ಮ ಐದು ವರ್ಷ 2021ರ ಡಿಸೆಂಬರ್ 1ಕ್ಕೆ ಶುರುವಾಗಿದೆ ಎಂದುಕೊಳ್ಳಿ. ಮುಗಿಯುವುದು 2026ರ ನವೆಂಬರ್ 30ಕ್ಕೆ. ಮತ್ತೆ ಕರಾರು ಕೊಡುವುದಿಲ್ಲ ಎನ್ನುವುದಾದರೆ ಕೌನ್ಸಿಲ್ ಕಡಿಮೆ ಎಂದರೂ ಆರು ತಿಂಗಳು ಮೊದಲು, ಅಂದರೆ ಮೇ ಮುಗಿಯುವ ಮೊದಲೇ, ನಿಮಗೆ ಬರೆದು ತಿಳಿಸಬೇಕು. ಆ ಕಾಗದದಲ್ಲಿ ಕಾರಣ ಇರಬೇಕು. ಮರುಪರಿಶೀಲನೆ ಕೇಳುವ ಹಕ್ಕಿದೆ, ಇಷ್ಟರೊಳಗೆ ಕೇಳಬೇಕು ಎನ್ನುವುದೂ ಇರಬೇಕು. ಕಾಗದ ಮೇ 20ಕ್ಕೆ ಬಂತು ಎನ್ನಿ. ಆ ದಿನವೂ ಲೆಕ್ಕಕ್ಕೆ ಸೇರುತ್ತದೆ. ಹಾಗಾಗಿ ನಿಮ್ಮ 21ನೇ ದಿನ ಜೂನ್ 9, ಜೂನ್ 10 ಅಲ್ಲ. ಆ ಒಂದು ದಿನದಲ್ಲೇ ಕೆಲಸ ಕೆಡುತ್ತದೆ. ಆಮೇಲೆ ಎರಡನೆಯ ನೋಟಿಸು: ಮನೆ ನಮಗೆ ಬೇಕು ಎಂದು ಕಡಿಮೆ ಎಂದರೆ ಎರಡು ತಿಂಗಳ ಗಡುವಿನದು. ಇದನ್ನು ಅವಧಿಯ ಕೊನೆಯ ದಿನದವರೆಗೂ ಕೊಡಬಹುದು. ಅದಾದ ಮೇಲೆ ಕೋರ್ಟು.

ಕೌನ್ಸಿಲ್ ಆರು ತಿಂಗಳ ನೋಟಿಸನ್ನೇ ಕೊಡದೆ ನವೆಂಬರ್ 30 ದಾಟಿಹೋದರೆ? ನೀವು ಬಾಡಿಗೆ ಕಟ್ಟುತ್ತಾ ಅಲ್ಲೇ ಇರುತ್ತೀರಿ. ಟೆನೆನ್ಸಿ ತಾನಾಗಿಯೇ ವಾರವಾರದ ಅಥವಾ ತಿಂಗಳ ಲೆಕ್ಕದ ಸೆಕ್ಯೂರ್ ಟೆನೆನ್ಸಿಯಾಗಿ ಮುಂದುವರಿಯುತ್ತದೆ. ಆಗ ಅವಧಿ ಮುಗಿಯಿತು ಎಂಬ ಕಾರಣ ಸಾಕಾಗದು, ನಿಮ್ಮನ್ನು ಬಿಡಿಸಲು ಬೇರೆ ಕಾನೂನು ಕಾರಣ ತೋರಿಸಬೇಕು. ಅಂಥ ಹೊತ್ತಿನಲ್ಲಿ ನೀವಾಗಿ ಹೋಗಿ ಬೀಗದ ಕೈ ಒಪ್ಪಿಸಿ ಬಂದರೆ ಕೈಯಲ್ಲಿದ್ದ ಹಕ್ಕನ್ನು ಎಸೆದ ಹಾಗೆ. ಇನ್ನೂ ಒಂದು ತೊಂದರೆಯಿದೆ: ಬಿಡಬೇಕಾದ ಅಗತ್ಯವಿಲ್ಲದೆ ಮನೆ ಬಿಟ್ಟವರು ನಾಳೆ ಮನೆಯಿಲ್ಲ ಎಂದು ಅದೇ ಕೌನ್ಸಿಲ್ ಮುಂದೆ ನಿಂತರೆ, "ನೀವೇ ಬೇಕೆಂದು ಮನೆ ಕಳೆದುಕೊಂಡಿರಿ" ಅನ್ನಿಸಿಕೊಳ್ಳಬೇಕಾಗಬಹುದು.

ಮರುಪರಿಶೀಲನೆಯ ಅರ್ಜಿ ಬರೆಯಲು ದೊಡ್ಡ ವಿದ್ಯೆ ಬೇಕಿಲ್ಲ. ಹೆಸರು, ವಿಳಾಸ, ಯಾವ ತಾರೀಕಿನ ಯಾವ ನಿರ್ಧಾರ, ಅದು ಯಾಕೆ ತಪ್ಪು, ಎದುರಿಗೆ ಕೂತು ಮಾತಾಡುವ ವಿಚಾರಣೆ ಬೇಕೋ ಬೇಡವೋ, ಇಮೇಲಿನಲ್ಲಿ ಉತ್ತರ ಕೊಟ್ಟರೆ ಆಗುತ್ತದೋ. ಇವಿಷ್ಟು ಇರಲೇಬೇಕು. ವಿಚಾರಣೆ ಬೇಕು ಎಂದೇ ಬರೆಯಿರಿ ಎಂಬುದು ನನ್ನ ಸಲಹೆ. ಮೊದಲ ನಿರ್ಧಾರ ಮಾಡಿದ ಅಧಿಕಾರಿಯೇ ಮತ್ತೆ ನೋಡುವ ಹಾಗಿಲ್ಲ, ಆ ನಿರ್ಧಾರದಲ್ಲಿ ಸೇರಿರದ ಮೇಲಿನವರು ನೋಡಬೇಕು. "ಯಾಕೆ ತಪ್ಪು" ಎಂಬಲ್ಲಿ ನಿಮ್ಮ ಕಷ್ಟಸುಖವನ್ನಷ್ಟೇ ಬರೆದರೆ ಸಾಲದು. ಕೌನ್ಸಿಲ್‌ನ ವೆಬ್‌ಸೈಟಿನಲ್ಲಿ ಟೆನೆನ್ಸಿ ಪಾಲಿಸಿ ಎಂಬ ದಾಖಲೆ ಇರುತ್ತದೆ. ಯಾವಾಗ ಮತ್ತೆ ಕರಾರು ಕೊಡುತ್ತೇವೆ, ಯಾವಾಗ ಇಲ್ಲ ಎಂದು ಅದರಲ್ಲಿ ಬರೆದಿರುತ್ತಾರೆ. ತಮ್ಮ ನಿರ್ಧಾರ ಆ ಪಾಲಿಸಿಗೆ ಸರಿಹೊಂದುತ್ತದೆಯೇ ಎಂದು ಮರುಪರಿಶೀಲನೆಯಲ್ಲಿ ನೋಡಲೇಬೇಕು, ಇದು ಕಾನೂನು. ಆದ್ದರಿಂದ ಪಾಲಿಸಿಯ ಪ್ಯಾರಾ ಸಂಖ್ಯೆ ಹಾಕಿ ಬರೆಯಿರಿ. ಕೊಟ್ಟದ್ದಕ್ಕೆ ರಸೀದಿ ತೆಗೆದುಕೊಳ್ಳಿ, ಇಮೇಲ್ ಮಾಡಿದರೆ ಪ್ರತಿ ಇಟ್ಟುಕೊಳ್ಳಿ. ಹೌಸಿಂಗ್ ಆಫೀಸರ್ ಜೊತೆ ಫೋನಿನಲ್ಲಿ ಎಷ್ಟು ಒಳ್ಳೆಯ ಮಾತಾಡಿದರೂ ಅದು ಅರ್ಜಿಯಲ್ಲ. ಫೋನ್ ಮಾಡಿದೆನಲ್ಲ ಎಂದು ಕೂತವರ 21 ದಿನ ಹಾಗೇ ಕಳೆದುಹೋಗುತ್ತದೆ.

ಇದೆಲ್ಲ ಬರೀ ಕಾಗದದ ಜಗಳ ಎಂದು ಮೂಗು ಮುರಿಯುವವರಿಗೆ ಕ್ರಾಯ್ಡನ್ ಪ್ರಕರಣ ಹೇಳಬೇಕು. ನನಗೆ ಬಹಳ ಇಷ್ಟವಾದ ಪ್ರಕರಣ ಅದು, ಸ್ವಲ್ಪ ಉದ್ದವಾದರೆ ಕ್ಷಮಿಸಿ. ದಕ್ಷಿಣ ಲಂಡನ್ನಿನ ಕ್ರಾಯ್ಡನ್ ಕೌನ್ಸಿಲ್ 2015ರಲ್ಲಿ ಒಬ್ಬ ಮಹಿಳೆಗೆ ಐದು ವರ್ಷದ ಫ್ಲೆಕ್ಸಿಬಲ್ ಟೆನೆನ್ಸಿ ಕೊಟ್ಟಿತು. ಎರಡು ವರ್ಷ ಕಳೆದ ಮೇಲೆ ಬಾಡಿಗೆ ಬಾಕಿ ಇದೆ, ಅಕ್ಕಪಕ್ಕದವರಿಗೆ ತೊಂದರೆಯಾಗುತ್ತಿದೆ ಎಂದು ಹೇಳಿ ಮನೆ ವಾಪಸು ಕೇಳಿತು. ಆಜೀವ ಟೆನೆನ್ಸಿಯಾಗಿದ್ದರೆ ಇದು ದಿನನಿತ್ಯದ ದಾರಿ: ನೋಟಿಸು ಕೊಡು, ಕೋರ್ಟಿಗೆ ಹೋಗು, ಕಾರಣ ಸಾಬೀತು ಮಾಡು. ಆದರೆ ಆಕೆಯ ವಕೀಲರು ಹಿಡಿದದ್ದು ಬೇರೆ ಎಳೆ. ಐದು ವರ್ಷ ಎಂದು ನೀವೇ ಸಹಿ ಹಾಕಿದ್ದೀರಿ. ಅವಧಿ ಕಟ್ಟಿದ ಕರಾರು ಇಬ್ಬರನ್ನೂ ಕಟ್ಟುತ್ತದೆ. ನಡುವೆ ಮುರಿಯುವ ಹಕ್ಕನ್ನು ಕರಾರಿನಿಂದ ತೋರಿಸಿ ಎಂದರು. ಹೈಕೋರ್ಟು ಬಾಡಿಗೆದಾರರ ಪರ. 2021ರಲ್ಲಿ ಕೋರ್ಟ್ ಆಫ್ ಅಪೀಲ್ ಕೂಡ ಬಾಡಿಗೆದಾರರ ಪರ. ಕೌನ್ಸಿಲ್ ಅಲ್ಲಿಗೂ ಬಿಡದೆ ಸುಪ್ರೀಂ ಕೋರ್ಟಿಗೆ ಹೋಯಿತು. 2022ರ ಮಾರ್ಚಿನಲ್ಲಿ ತೀರ್ಪು ಬಂತು. ಕೆಳಗಿನ ಕೋರ್ಟುಗಳು ಹೇಳಿದ ದಾರಿಯೊಂದೇ ದಾರಿಯಲ್ಲ ಎಂದು ಸುಪ್ರೀಂ ಕೋರ್ಟು ಕೌನ್ಸಿಲ್‌ಗೆ ಸ್ವಲ್ಪ ಜಾಗ ಮಾಡಿಕೊಟ್ಟಿತು. ಆದರೆ ಮೂಲ ಮಾತು ಉಳಿಯಿತು: ಅವಧಿಗೆ ಮೊದಲೇ ಮುಗಿಸಬಹುದು ಎಂಬ ಷರತ್ತು ಕರಾರಿನಲ್ಲಿ ಇರಬೇಕು. ಅಂಥ ಷರತ್ತೇ ಇಲ್ಲದಿದ್ದರೆ ನಡುವೆ ಬಿಡಿಸುವ ಹಾಗಿಲ್ಲ. ತಮಾಷೆ ನೋಡಿ, ಐದು ವರ್ಷದೊಳಗೆ ಬಿಡಿಸಬಹುದೇ ಎಂದು ಶುರುವಾದ ವ್ಯಾಜ್ಯ ಮುಗಿಯುವ ಹೊತ್ತಿಗೆ ಆ ಐದು ವರ್ಷವೇ ಮುಗಿದುಹೋಗಿತ್ತು!

ಅಂದಮಾತ್ರಕ್ಕೆ ಬಾಡಿಗೆ ಕಟ್ಟದೆ ಕೂರಬಹುದು ಎಂದು ಯಾರೂ ತಿಳಿಯಬೇಡಿ. ಷರತ್ತು ನಿಮ್ಮ ಕರಾರಿನಲ್ಲಿ ಇದ್ದರೂ ಇದ್ದೀತು, ತೆಗೆದು ಓದಿ. ಬಾಕಿ ಉಳಿಸಿಕೊಂಡರೆ ಅವಧಿ ಮುಗಿದಾಗ ಹೊಸ ಕರಾರು ಕೊಡದಿರಲು ನೀವೇ ಕಾರಣ ಒದಗಿಸಿದಂತೆ.

ಹೊತ್ತಾಯಿತು ಎಂದು ಸನ್ನೆ ಮಾಡುತ್ತಿದ್ದಾರೆ. ಉಳಿದದ್ದನ್ನು ಬೇಗ ಬೇಗ ಹೇಳಿಬಿಡುತ್ತೇನೆ.

ಹೊಸ ಕರಾರು ಕೊಡದಿರಲು ಪಾಲಿಸಿಗಳಲ್ಲಿ ಕಾಣುವ ಕಾರಣಗಳು: ಬಾಕಿ, ನೆರೆಯವರ ದೂರು, ಮಕ್ಕಳು ದೂರ ಹೋಗಿ ಕೋಣೆಗಳು ಹೆಚ್ಚಾಗಿರುವುದು, ಆದಾಯ ಮಿತಿ ದಾಟಿರುವುದು, ಬೇರೆ ಆಸ್ತಿ ಇರುವುದು. ಬೆಂಗಳೂರಿನಲ್ಲಿ ಫ್ಲಾಟೋ ಸೈಟೋ ಇದ್ದವರು ಈ ಕೊನೆಯದನ್ನು ಗಮನವಿಟ್ಟು ಓದಿ. ಅರ್ಜಿಯಲ್ಲಿ ಆಸ್ತಿಯ ಬಗ್ಗೆ ಕೇಳಿದರೆ ಮುಚ್ಚಿಡಬೇಡಿ.

ಅಪ್ಪ ಅಮ್ಮನನ್ನು ನೋಡಿಕೊಳ್ಳಲು ತಿಂಗಳುಗಟ್ಟಲೆ ಊರಿಗೆ ಹೋಗುವವರು ಮೊದಲೇ ಕೌನ್ಸಿಲ್‌ಗೆ ಬರೆದು ತಿಳಿಸಿ. ಕೌನ್ಸಿಲ್ ಮನೆ ನಿಮ್ಮ ಮುಖ್ಯ ವಾಸದ ಮನೆಯಾಗಿರಬೇಕು, ಇಲ್ಲದಿದ್ದರೆ ಸೆಕ್ಯೂರ್ ಎಂಬ ರಕ್ಷಣೆಯೇ ಹೋಗುತ್ತದೆ. ನೀವಿಲ್ಲದಾಗ ಆರು ತಿಂಗಳ ನೋಟಿಸು ಬಾಗಿಲ ಸಂದಿಯಿಂದ ಒಳಗೆ ಬಿದ್ದಿದ್ದರೂ ದಿನ ಓಡುತ್ತಲೇ ಇರುತ್ತದೆ, ಅಂಚೆ ನೋಡಲು ಯಾರಿಗಾದರೂ ಹೇಳಿ ಹೋಗಿ. ಖಾಲಿ ಇದೆಯಲ್ಲ ಎಂದು ಇಡೀ ಮನೆಯನ್ನು ಪರಿಚಯದವರಿಗೆ ಬಾಡಿಗೆಗೆ ಕೊಟ್ಟಿರೋ, 2013ರ ಕಾನೂನಿನ ಪ್ರಕಾರ ಅದು ಅಪರಾಧ, ಜೈಲು ಕೂಡ ಆಗಬಹುದು.

ನೀವಾಗಿಯೇ ಮನೆ ಬಿಡಬೇಕು ಎನಿಸಿದರೆ ನಾಲ್ಕು ವಾರದ ಲಿಖಿತ ನೋಟಿಸು ಸಾಕು, ಆದರೆ ಆ ದಿನಕ್ಕೆ ಬಾಡಿಗೆ ಬಾಕಿ ಇರಬಾರದು. ಮನೆ ಅದಲುಬದಲು ಮಾಡಿಕೊಳ್ಳುವವರು, ಅದರಲ್ಲೂ 2012ಕ್ಕೆ ಮೊದಲಿನ ಆಜೀವ ಟೆನೆನ್ಸಿ ಇರುವವರು, ಹೊಸ ಮನೆಯಲ್ಲಿ ಯಾವ ಟೆನೆನ್ಸಿ ಸಿಗುತ್ತದೆ ಎಂದು ಬರಹದಲ್ಲಿ ಕೇಳಿ ಪಡೆಯದೆ ಸಹಿ ಹಾಕಬೇಡಿ. ಮನೆಯಲ್ಲಿ ಹೊಡೆತ ಬಡಿತಕ್ಕೆ ಸಿಕ್ಕಿ ಆಜೀವ ಟೆನೆನ್ಸಿ ಬಿಟ್ಟುಬಂದ ಹೆಣ್ಣುಮಕ್ಕಳೇ, ಆ ಕಾರಣಕ್ಕಾಗಿ ಕೌನ್ಸಿಲ್ ನಿಮಗೆ ಹೊಸ ಮನೆ ಕೊಟ್ಟರೆ ಆಜೀವ ಟೆನೆನ್ಸಿಯನ್ನೇ ಕೊಡಬೇಕು. 2021ರ ಕಾನೂನು ಹಾಗಿದೆ, ಕೇಳಿ ಪಡೆಯಿರಿ.

ಕೋರ್ಟಿನ ಕಾಗದ ಬಂದರೆ ಹೆದರಿ ಒಳಗಿಡಬೇಡಿ. ಅದೇ ದಿನ, ಉಚಿತವಾಗಿ ಸಲಹೆ ಕೊಡುವ ಶೆಲ್ಟರ್ ಸಂಸ್ಥೆಗೋ ಸಿಟಿಜನ್ಸ್ ಅಡ್ವೈಸ್‌ಗೋ ಫೋನ್ ಮಾಡಿ. ಆರು ತಿಂಗಳ ನೋಟಿಸು, 21 ದಿನದೊಳಗೆ ಕೊಟ್ಟ ಅರ್ಜಿ, ಅದರ ರಸೀದಿ, ಕರಾರು, ನಾಲ್ಕನ್ನೂ ಒಟ್ಟಿಗೆ ತೆಗೆದುಕೊಂಡು ಹೋಗಿ. ನಮಸ್ಕಾರ.