ಮೂಡಿಗೆರೆ ಕಾಫಿ, ಬ್ರಸೆಲ್ಸ್ ಕಾನೂನು: ತಾಲ್ಲೂಕು ವರದಿಗಾರರಿಗೆ ಹೊರದೇಶದ ಫೆಲೋಶಿಪ್ ಯಾಕೆ ಬೇಕು?

[ದೃಶ್ಯ: ಮೂಡಿಗೆರೆ ಹತ್ತಿರದ ತೋಟ, ಕಣದಲ್ಲಿ ಒಣಗುತ್ತಿರುವ ಕಾಫಿ]

ನಮಸ್ಕಾರ. ಯುರೋಪ್ ಒಕ್ಕೂಟ 2023ರಲ್ಲಿ ಒಂದು ಕಾನೂನು ತಂದಿತು. 2020ರ ಡಿಸೆಂಬರ್ 31ರ ನಂತರ ಕಾಡು ಕಡಿದ ಜಾಗದಲ್ಲಿ ಬೆಳೆದ ಕಾಫಿಯನ್ನು ಅಲ್ಲಿ ಮಾರುವಂತಿಲ್ಲ. ತೋಟ ಎಲ್ಲಿದೆ ಅನ್ನೋದಕ್ಕೆ ಜಿಪಿಎಸ್ ಗುರುತು ಬೇಕು. ಜಾರಿಯನ್ನು ಮುಂದೂಡಿದ್ದಾರೆ, ಆದರೆ ಆತಂಕ ಹೋಗಿಲ್ಲ. ನಮ್ಮ ದೇಶದ ಕಾಫಿಯಲ್ಲಿ ಹೆಚ್ಚಿನ ಪಾಲು ರಫ್ತಾಗುತ್ತದೆ. ಇಟಲಿ ದೊಡ್ಡ ಗಿರಾಕಿ. ಅಂದರೆ ಇದು ಮೂಡಿಗೆರೆ, ಸಕಲೇಶಪುರದ ಸಣ್ಣ ಬೆಳೆಗಾರರ ಮನೆಯ ಸುದ್ದಿ.

ಪಹಣಿ, ಒತ್ತುವರಿ ಜಗಳ, ಕಂದಾಯ ಮತ್ತು ಅರಣ್ಯ ಇಲಾಖೆಗಳ ಹಗ್ಗಜಗ್ಗಾಟ, ಇವೆಲ್ಲ ನಮ್ಮ ವರದಿಗಾರರಿಗೆ ಚೆನ್ನಾಗಿ ಗೊತ್ತು. ಆದರೆ ಸುದ್ದಿಯ ಇನ್ನರ್ಧ ಯುರೋಪ್ ಒಕ್ಕೂಟದ ಮುಖ್ಯ ಕಚೇರಿಗಳಿರುವ ಬ್ರಸೆಲ್ಸ್‌ನಲ್ಲಿದೆ. ಅಲ್ಲಿ ಯಾರಿಗೆ ಫೋನ್ ಮಾಡಬೇಕು? ಯಾವ ದಾಖಲೆ ಕೇಳಬೇಕು?

ಪತ್ರಕರ್ತರ ವಿನಿಮಯ ಕಾರ್ಯಕ್ರಮಗಳು, ಅಂದರೆ ಸ್ವಲ್ಪ ಕಾಲ ಹೊರದೇಶಕ್ಕೆ ಹೋಗಿ ಕಲಿಯುವ ಫೆಲೋಶಿಪ್‌ನಂಥವು, ನೆರವಾಗುವುದು ಇಂಥ ಕಡೆ.

[ದೃಶ್ಯ: ನಕ್ಷೆಯಲ್ಲಿ ಚಿಕ್ಕಮಗಳೂರಿನಿಂದ ಹೊರದೇಶಗಳಿಗೆ ಗೆರೆಗಳು]

ಹಾರ್ವರ್ಡ್ ವಿಶ್ವವಿದ್ಯಾಲಯದ ನೀಮನ್ ಫೆಲೋಶಿಪ್ 1938ರಲ್ಲಿ ಶುರುವಾಯಿತು. ಒಂದು ಶೈಕ್ಷಣಿಕ ವರ್ಷ ಅಲ್ಲಿರಬೇಕು. ಡಿಗ್ರಿ ಕೊಡುವುದಿಲ್ಲ. ಅರ್ಥಶಾಸ್ತ್ರ, ಕಾನೂನು, ಪರಿಸರ, ಹೀಗೆ ತಮಗೆ ಬೇಕಾದ ತರಗತಿಗಳಲ್ಲಿ ಕೂತು ಕಲಿಯಬಹುದು. ದಿನಾ ಸಂಜೆ ಪುಟ ತುಂಬಿಸುವ ಒತ್ತಡದಲ್ಲಿರುವವರಿಗೆ ಓದಲು ಬಿಡುವು ಸಿಗೋದು ಸಣ್ಣ ಮಾತಲ್ಲ. ಆಕ್ಸ್‌ಫರ್ಡ್‌ನಲ್ಲಿ ಪತ್ರಿಕೋದ್ಯಮದ ಅಧ್ಯಯನಕ್ಕೆಂದೇ ಇರುವ ರಾಯಿಟರ್ಸ್ ಇನ್‌ಸ್ಟಿಟ್ಯೂಟ್‌ನ ಫೆಲೋಶಿಪ್‌ನಲ್ಲಿ ಪತ್ರಕರ್ತರು ತಾವೇ ಆರಿಸಿಕೊಂಡ ವಿಷಯದ ಮೇಲೆ ಕೆಲಸ ಮಾಡುತ್ತಾರೆ.

ನನಗೆ ತರಗತಿಗಿಂತ ದೊಡ್ಡದಾಗಿ ಕಾಣುವುದು ಜೊತೆಯವರು. ಕಾಫಿ ಬೆಳೆಯುವುದರಲ್ಲಿ ಬ್ರೆಜಿಲ್ ಮೊದಲು, ವಿಯೆಟ್ನಾಂ ಎರಡನೆಯದು. ಅಲ್ಲಿ ಬರ ಬಿದ್ದರೆ ಇಲ್ಲಿ ದರ ಏರುತ್ತದೆ, ಅಲ್ವಾ? ಆ ದೇಶಗಳ ವರದಿಗಾರರ ಪರಿಚಯವಿದ್ದರೆ, ವ್ಯಾಪಾರಿ ಹೇಳಿದ್ದನ್ನೇ ಬರೆಯಬೇಕಿಲ್ಲ. ನೇರವಾಗಿ ಕೇಳಿ ತಿಳಿಯಬಹುದು. ಆಲೂರು, ಬೇಲೂರು ಕಡೆಯ ಆನೆ ಹಾವಳಿಗೂ ಇದೇ ಮಾತು. ಶ್ರೀಲಂಕಾ, ಕೀನ್ಯಾದ ಪತ್ರಕರ್ತರೂ ಅದನ್ನೇ ಬರೆಯುತ್ತಿದ್ದಾರೆ.

ಬೇಸರದ ವಿಷಯ ಒಂದಿದೆ. ಸುದ್ದಿಗಿಷ್ಟು ಅಂತ ದುಡ್ಡು ಪಡೆಯುವ ಬಿಡಿ ಸುದ್ದಿಗಾರರು ತಿಂಗಳುಗಟ್ಟಲೆ ಊರು ಬಿಡುವುದು ಹೇಗೆ? ಇಂಗ್ಲಿಷ್ ಬೇರೆ ಅಡ್ಡ ಬರುತ್ತದೆ. ಹೋಗಿಬಂದವರಿಗೂ ಪತ್ರಿಕೆಯಲ್ಲಿ ಮತ್ತೆ ಅದೇ ಎರಡು ಕಾಲಂ ಜಾಗ ಕೊಟ್ಟರೆ ಕಲಿತದ್ದು ಸುಮ್ನೆ ವ್ಯರ್ಥ. ಸಂಪಾದಕರು ಇದನ್ನು ಯೋಚಿಸಲೇಬೇಕು.

ಹೊರದೇಶದವರನ್ನು ಅಮೆರಿಕಕ್ಕೆ ಕರೆಸಿಕೊಳ್ಳುವ ಅಲ್ಲಿನ ಸರ್ಕಾರದ ಐವಿಎಲ್‌ಪಿ (ಇಂಟರ್‌ನ್ಯಾಷನಲ್ ವಿಸಿಟರ್ ಲೀಡರ್‌ಶಿಪ್ ಪ್ರೋಗ್ರಾಂ) ಕಾರ್ಯಕ್ರಮಕ್ಕೆ ನೀವಾಗಿ ಅರ್ಜಿ ಹಾಕಲು ಆಗುವುದಿಲ್ಲ. ರಾಯಭಾರ ಕಚೇರಿಯೇ ಹೆಸರು ಸೂಚಿಸುತ್ತದೆ. ನೀಮನ್‌ಗೆ ನೀವೇ ಹಾಕಬಹುದು. ಬರೆದ ವರದಿಗಳನ್ನು ಕೇಳುತ್ತಾರೆ. ನಿಮ್ಮ ತಾಲ್ಲೂಕಿನ ಒಳ್ಳೆಯ ವರದಿಗಳನ್ನು ಈಗಿಂದಲೇ ಎತ್ತಿಡಿ, ಇಂಗ್ಲಿಷ್ ಅನುವಾದವನ್ನೂ ಮಾಡಿಸಿಡಿ.